ಗಬ್ಬರ್ ಆಗದ ಡ್ಯಾನಿ

ಕೈಗೆ ಬಂದ ತುತ್ತು ಬಿಟ್ಟವನನ್ನು ನಮ್ಮ ಜನ ‘ಪೆದ್ದ’ ಅಂತಾರೆ. ಡ್ಯಾನಿ ಡೆನ್‌ಜೊಂಗ್ಪಾ ಅವರನ್ನೂ ಹಾಗೇ ಅನ್ನೋಣವೇ ಗೆಳೆಯರೇ?

‘ಶೋಲೆ’ಯ ಗಬ್ಬರ್ ಸಿಂಗ್ ಪಾತ್ರ ಮೊದಲು ಒಲಿದಿದ್ದು ಅವರಿಗೆ. ಆದರೆ ಫಿರೋಜ್ ಖಾನರ ‘ಧರ್ಮಾತ್ಮ’ಕ್ಕೆ ಕಾಲ್‌ಷೀಟ್ ಕೊಟ್ಟಾಗಿತ್ತು, ಶೂಟಿಂಗ್ ದೂರದ ಅಫ್ಘಾನಿಸ್ತಾನದಲ್ಲಿ. ಡ್ಯಾನಿ ಕೊಟ್ಟ ಮಾತಿಗೆ ನಿಂತರು. ನಮ್ಮ ರಾಮನಗರದ ಬಂಡೆಗಳ ಮೇಲೆ ಗುಡುಗಿದ್ದು ಅಮ್ಜದ್ ಖಾನ್! ಎರಡೂ ಚಿತ್ರ 1975ರಲ್ಲೇ ತೆರೆಗೆ ಬಂದವು. ಜನರ ಬಾಯಲ್ಲಿ ಉಳಿದವನು ಮಾತ್ರ ಗಬ್ಬರ್.

ಪಿಯುಸಿ ಅರ್ಧಕ್ಕೇ ಬಿಟ್ಟು ಬರೆಯೋಕೆ ಕೂತ ನನ್ನನ್ನು ಅಪ್ಪ ಇವತ್ತಿಗೂ ಕೇಳ್ತಾರೆ, “ಏನೋ ಸಂಪಾದಿಸಿದೆ?” ಕಳೆದ ತಿಂಗಳು ಸಂಬಳದ ಕೆಲಸವೊಂದು ಬಂತು. ಮರುದಿನವೇ ಸೇರಬೇಕು, ಊರು ಬಿಡಬೇಕು. ಆದರೆ ಹಾಸಿಗೆ ಹಿಡಿದಿದ್ದ ಹಳೆಯ ನಾಟಕದ ನಟರೊಬ್ಬರಿಗೆ, ನಿಮ್ಮ ಕಥೆ ಬರೆದುಕೊಡ್ತೀನಿ ಅಂದಿದ್ದೆ. ಅವರು ಕಾಯುವ ಸ್ಥಿತಿಯಲ್ಲಿರಲಿಲ್ಲ. ಕೆಲಸ ಬೇಡವೆಂದೆ. ಅಪ್ಪ ಎರಡು ದಿನ ಮಾತಾಡಲಿಲ್ಲ.

ಡ್ಯಾನಿ ಅಲ್ಲಿಗೇ ಮುಗಿಯಲಿಲ್ಲ. 1990ರ ‘ಅಗ್ನಿಪಥ್’ನಲ್ಲಿ ಕಾಂಚಾ ಚೀನಾ ಆಗಿ ಅಬ್ಬರಿಸಿದರು, 2003ರಲ್ಲಿ ಪದ್ಮಶ್ರೀ ಬಂತು. ನನಗೆ ಅಂಥದ್ದೇನೂ ಬರಲಿಕ್ಕಿಲ್ಲ ಬಿಡಿ! ಆದರೆ ಆ ಹಿರಿಯರ ಮುಂದೆ ನಾನು ತಲೆ ತಗ್ಗಿಸಿ ನಿಲ್ಲಲಿಲ್ಲ. ಅದೂ ಒಂದು ಸಂಪಾದನೆಯೇ ಅಪ್ಪಾ.