ವಿಜಾಪುರ ರಸ್ತೆಯ ಕತ್ತಲಿಗೆ ಎಂಥ ಬ್ಯಾಟರಿ ಬೇಕು?

ಸೊಲ್ಲಾಪುರದ ವಿಜಾಪುರ ನಾಕಾ ದಾಟಿ, ಸಂಭಾಜಿ ಕೆರೆಯನ್ನು ಹಾಯ್ದು, ಸೈಫುಲ್, ಸೋರೆಗಾಂವಗಳನ್ನು ಹಿಂದೆ ಹಾಕಿದರೆ ಊರಿನ ದೀಪಗಳು ಮುಗಿದು ಬಯಲು ಶುರುವಾಗುತ್ತದೆ. ಮುಂದೆ ವಡಕಬಾಳದಲ್ಲಿ ಸೀನಾ ನದಿಯ ಸೇತುವೆ, ಆಮೇಲೆ ಮಂದ್ರೂಪ, ಟಾಕಳಿ. ಟಾಕಳಿಯ ಹತ್ತಿರ ಭೀಮೆಯನ್ನು ದಾಟಿದರೆ ಧೂಳಖೇಡ, ಅಲ್ಲಿಂದ ಕರ್ನಾಟಕ. ಝಳಕಿ, ಹೊರ್ತಿಗಳ ಮೇಲೆ ವಿಜಯಪುರ ಮುಟ್ಟಲು ಒಟ್ಟು ಸುಮಾರು ನೂರು ಕಿ.ಮೀ. ಜಿಲ್ಲೆಯ ಹೆಸರು 2014ರಲ್ಲಿ ವಿಜಯಪುರವಾದರೂ ಸೊಲ್ಲಾಪುರದವರ ಬಾಯಲ್ಲಿ ರಸ್ತೆ ಮಾತ್ರ ವಿಜಾಪುರ ರಸ್ತೆಯಾಗಿಯೇ ಉಳಿದಿದೆ.

ನಮ್ಮ ಸಮಾಜದ ಮನೆಗಳಿಗೆ ಇದು ವ್ಯಾಪಾರದ ದಾರಿ, ಬೀಗತನದ ದಾರಿ, ಯಾತ್ರೆಯ ದಾರಿಯೂ ಹೌದು. ಈ ಕಡೆಯವರು ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ಹೋಗುತ್ತಾರೆ. ಆ ಕಡೆಯವರು ಸೊಲ್ಲಾಪುರದ ಮೇಲೆ ಹಾಯ್ದು, ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಕುಂಥಲಗಿರಿಗೆ ಬರುತ್ತಾರೆ. ರಸ್ತೆಯೇನೋ ಈಗ ಅಗಲವಾಗಿದೆ. 2021ರ ಫೆಬ್ರವರಿಯಲ್ಲಿ ಇದೇ ಹೆದ್ದಾರಿಯ 25.54 ಕಿ.ಮೀ. ಏಕಪಥಕ್ಕೆ 18 ತಾಸುಗಳಲ್ಲಿ ಡಾಂಬರು ಹಾಕಿದ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಆದರೆ ರಸ್ತೆ ಅಗಲವಾದ ಮಾತ್ರಕ್ಕೆ ಕತ್ತಲೆ ಕಡಿಮೆಯಾಗುವುದಿಲ್ಲ. ವಾಹನಗಳ ವೇಗ ಹೆಚ್ಚಿದಷ್ಟೂ ಕತ್ತಲೆಯಲ್ಲಿ ನಿಂತವನಿಗೆ ಅಪಾಯ ಹೆಚ್ಚು.

ನಮ್ಮವರು ಈ ಕತ್ತಲೆಯಲ್ಲಿ ಸಿಕ್ಕುವುದಕ್ಕೆ ಒಂದು ಕಾರಣವೂ ಉಂಟು. ರಾತ್ರಿಭೋಜನ ತ್ಯಾಗವುಳ್ಳ ಮನೆಗಳಲ್ಲಿ ಅಂಗಡಿಯ ಕೆಲಸ ಮುಗಿಸಿ, ಸೂರ್ಯ ಮುಳುಗುವ ಮೊದಲು ಉಂಡು, ಆಮೇಲೆ ಊರಿಗೆ ಹೊರಡುವುದು ರೂಢಿ. ಹೊರಟ ಅರ್ಧ ತಾಸಿಗೆ ಕತ್ತಲಾಗುತ್ತದೆ. ಮುನಿಸಂಘದ ವಿಹಾರವಿದ್ದಾಗ ಚೌಕಾದ ಸಾಮಾನು ಹೊತ್ತ ಗಾಡಿಯವರು ಮುಂದಿನ ಮುಕ್ಕಾಮಿಗೆ ನಸುಕಿನಲ್ಲಿಯೇ ಹೊರಡಬೇಕಾಗುತ್ತದೆ. ಆದ್ದರಿಂದ ಪ್ರವಾಸದ ಚೀಲದಲ್ಲಿ ಸೋಸುವ ಬಟ್ಟೆ ಇರುವಷ್ಟೇ ಅಗತ್ಯವಾಗಿ ಒಂದು ಗಟ್ಟಿಮುಟ್ಟಾದ, ಚಾರ್ಜ್ ಮಾಡುವ ಬ್ಯಾಟರಿ ಇರಬೇಕೆಂಬುದು ನಮ್ಮ ಮಾತು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಇಲ್ಲಿಯೂ ಹಾಗೆಯೇ ಬರೆದಿದ್ದೇವೆ. ಅದರ ಒಳಗಿನದನ್ನು ಸೆಲ್ ಎನ್ನೋಣ.

ಅಂಗಡಿಗೆ ಹೋಗಿ ಕೇಳಿದರೆ ಮೊದಲು ತೋರಿಸುವುದು ದೂರದ ಬೆಳಕನ್ನು. "ಅಣ್ಣಾವರ, ಅರ್ಧ ಕಿಲೋಮೀಟರ್ ಹೋಗತದ ನೋಡ್ರಿ" ಎಂದು ಎದುರಿನ ಕಟ್ಟಡದ ಮೇಲೆ ಬೆಳಕು ಬಿಡುತ್ತಾರೆ. ಅರ್ಧ ಕಿಲೋಮೀಟರ್ ಆಚೆ ನಮಗೇನು ಕೆಲಸ? ಡಬ್ಬಿಯ ಮೇಲಿನ ದೂರದ ಲೆಕ್ಕವೂ ನಾವು ತಿಳಿದಂತೆ ಇಲ್ಲ. ಎಫ್.ಎಲ್. 1 ಎಂಬ ಅಳತೆಯ ಪ್ರಕಾರ, ಬೆಳಕು ಕಾಲು ಲಕ್ಸಿಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ಜಾಗದವರೆಗೆ ದೂರ ಎಣಿಸುತ್ತಾರೆ. ಆ ದೂರದಲ್ಲಿ ಮರವೋ ಮನೆಯೋ ಕಂಡೀತು, ಚೇಳು ಕಾಣದು.

ನಮಗೆ ಬೇಕಾದ ಅಳತೆ ನಮ್ಮ ಧರ್ಮದಲ್ಲಿಯೇ ಇದೆ. ಈರ್ಯಾಸಮಿತಿಯಲ್ಲಿ ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಹಗಲಿನ ಬೆಳಕಿನಲ್ಲಿ ಮಾತ್ರ ಹೆಜ್ಜೆ ಇಡುತ್ತಾರೆ. ರಾತ್ರಿ ಅವರಿಗೆ ವಿಹಾರವಿಲ್ಲ, ಬ್ಯಾಟರಿಯ ಮಾತೂ ಇಲ್ಲ. ಆದರೆ ಶ್ರಾವಕನಿಗೆ ರಾತ್ರಿಯ ನಡಿಗೆ ಪೂರ್ತಿ ತಪ್ಪುವುದಿಲ್ಲ. ಹೀಗಿರುವಲ್ಲಿ, ಕಾಲ ಮುಂದಿನ ನಾಲ್ಕು ಮೊಳ ನೆಲವನ್ನು ಅಗಲವಾಗಿ, ಸಮನಾಗಿ ತೋರಿಸುವ ಬ್ಯಾಟರಿಯೇ ಅವನಿಗೆ ಯೋಗ್ಯ. ನಡುವೆ ಕಣ್ಣು ಕೋರೈಸುವ ಒಂದು ಚುಕ್ಕೆ, ಸುತ್ತ ಕತ್ತಲೆ, ಇಂಥದು ಬೇಡ. ನಡೆಯುವುದಕ್ಕೆ 100 ಲ್ಯುಮೆನ್ ಧಾರಾಳವಾಯಿತು. ಧರ್ಮಶಾಲೆಯಲ್ಲಿ ಮಲಗಿದವರ ನಡುವೆ ಹಾದುಹೋಗಲು ಅದಕ್ಕಿಂತ ತೀರ ಕಡಿಮೆ ಬೆಳಕಿನ ಮೆಟ್ಟಿಲೊಂದು ಇರಬೇಕು. ಸಮ್ಮೇದ ಶಿಖರ್ಜಿಯಲ್ಲಿ ಏರುವುದು, ಟೋಂಕುಗಳ ವಂದನೆ, ಇಳಿಯುವುದು ಸೇರಿ 27 ಕಿ.ಮೀ.; ಬಹಳ ಜನ ರಾತ್ರಿ ಎರಡು ಮೂರು ಗಂಟೆಗೇ ಹತ್ತಲು ಶುರುಮಾಡುತ್ತಾರೆ. ಅಲ್ಲಿಯೂ ಬೇಕಾದದ್ದು ಪಾದದ ಮುಂದಿನ ಬೆಳಕೇ.

ಎರಡನೆಯದು ಬೆಳಕಿನ ಬಣ್ಣ. ಈಗಿನ ಎಲ್.ಇ.ಡಿ.ಯ ಬಿಳಿ ಬೆಳಕು ಮೂಲದಲ್ಲಿ ನೀಲಿ. ನೀಲಿ ಎಲ್.ಇ.ಡಿ. ಕಂಡುಹಿಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಆ ನೀಲಿಯ ಮೇಲೆ ಹಳದಿ ಲೇಪ ಹಚ್ಚಿ ಬಿಳಿ ಬೆಳಕು ಮಾಡುತ್ತಾರೆ. ನೀಲಿಯ ಅಂಶ ಹೆಚ್ಚಿದ್ದಷ್ಟೂ ಹುಳುಗಳು ಹೆಚ್ಚು ಮುತ್ತುತ್ತವೆ. ಮಳೆಗಾಲದ ಸಂಜೆ ಓಣಿಯ ಬಿಳಿ ದೀಪದ ಕೆಳಗೂ ಹಳದಿ ದೀಪದ ಕೆಳಗೂ ನಿಂತು ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದಿದ್ದರೆ ಅದು ನೀಲಿಗೆ ವಾಲಿದ ಬಿಳಿ. 3000 ಕೆಲ್ವಿನ್ ಎಂದಿದ್ದರೆ ಹಳದಿ ಬೆಳಕು. ಹಳದಿಯದನ್ನೇ ಕೇಳಿ ತೆಗೆದುಕೊಳ್ಳಬೇಕು. ಜೀವ ಉಳಿಸಲು ಹಿಡಿದ ಬೆಳಕೇ ಜೀವಗಳನ್ನು ಕರೆದು ಸುಡುವಂತಾಗಬಾರದು.

ಮೂರನೆಯದು ಗಟ್ಟಿತನ. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿಗೆ ಮಹಾಪೂರ ಬಂದು ಈ ಹೆದ್ದಾರಿಯ ಸಂಚಾರವೇ ನಿಂತಿತ್ತು. ಬೇಸಿಗೆಯಲ್ಲಿ ಇದೇ ಬಯಲಿನಲ್ಲಿ ಧೂಳು ಮುಸುಕುತ್ತದೆ. ನೀರು, ಧೂಳು ಎರಡನ್ನೂ ತಡೆಯುವ ಬ್ಯಾಟರಿಯ ಮೇಲೆ ಐ.ಪಿ. ಎಂಬ ಗುರುತು, ಮುಂದೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಧೂಳಿನದು, 6 ಎಂದರೆ ಧೂಳು ಒಳಗೆ ಹೋಗದು. ಎರಡನೆಯದು ನೀರಿನದು, 4 ಎಂದರೆ ಸಿಡಿದ ಹನಿ ತಡೆಯುತ್ತದೆ, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಮುಳುಗಿದರೂ ಕೆಡುವುದಿಲ್ಲ. 67 ಇದ್ದರೆ ಈ ದಾರಿಗೆ ಸಾಕು. ಒಂದು ಮೀಟರ್ ಎತ್ತರದಿಂದ ಬಿದ್ದರೂ ತಾಳಬೇಕು. ಮುಚ್ಚಳದ ಒಳಗಿನ ರಬ್ಬರ್ ಉಂಗುರ ಸರಿಯಿದೆಯೇ ಎಂದು ಅಂಗಡಿಯಲ್ಲಿಯೇ ತಿರುವಿ ನೋಡಬೇಕು.

ನಾಲ್ಕನೆಯದು ಸೆಲ್. ಮೋಸ ನಡೆಯುವುದು ಇಲ್ಲಿಯೇ. ಒಳ್ಳೆಯ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ 18650 ಎಂಬ ಲಿಥಿಯಂ ಸೆಲ್ ಇರುತ್ತದೆ. ಹೆಸರಿನಲ್ಲಿಯೇ ಅಳತೆ ಅಡಗಿದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಇಷ್ಟು ಗಾತ್ರದ ಸಾಚಾ ಸೆಲ್ಲಿನಲ್ಲಿ ಹೆಚ್ಚೆಂದರೆ 3500 ಎಂ.ಎ.ಎಚ್. ಆಸುಪಾಸು ಹಿಡಿಯುತ್ತದೆ. 9900 ಎಂದು ಬರೆದ ಸೆಲ್ಲುಗಳು ಪೇಟೆಯಲ್ಲಿ ಸಿಗುತ್ತವೆ. ಪಾವಶೇರಿನ ಪಾತ್ರೆಯಲ್ಲಿ ಅಚ್ಛೇರು ಎಣ್ಣೆ ಅಳೆದೆ ಎಂದವನ ಮಾತಿನಂತೆ ಅದು. ವ್ಯಾಪಾರಿಗಳಾದ ನಮಗೆ ತಕ್ಕಡಿ ಇದ್ದೇ ಇದೆ. ಸಾಚಾ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ತೀರ ಹಗುರವಾಗಿದ್ದರೆ ಕೆಳಗಿಟ್ಟು ಬರಬೇಕು. ಬಿ.ಐ.ಎಸ್. ನೋಂದಣಿಯ ಗುರುತು ಇದೆಯೇ ಎಂದೂ ನೋಡಬೇಕು. ಎಷ್ಟು ತಾಸು ಉರಿಯುತ್ತದೆಂಬ ಲೆಕ್ಕದಲ್ಲಿಯೂ ಒಂದು ಗುಟ್ಟಿದೆ: ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವ ತನಕದ ಸಮಯವನ್ನೆಲ್ಲ ಅದರಲ್ಲಿ ಸೇರಿಸಿರುತ್ತಾರೆ. ಹತ್ತು ತಾಸು ಎಂದರೆ ಹತ್ತೂ ತಾಸು ಒಂದೇ ಬೆಳಕು ಎಂದಲ್ಲ.

ಕಡಿಮೆ ಬೆಲೆಯ ದಪ್ಪ ಬ್ಯಾಟರಿಗಳಲ್ಲಿ ಸೀಸದ ಸೆಲ್ ಇರುವುದುಂಟು. ಮನೆಗೆ ಅದು ನಡೆದೀತು. ಆದರೆ ಖಾಲಿಯಾಗಿಯೇ ತಿಂಗಳುಗಟ್ಟಲೆ ಇಟ್ಟರೆ ಅದು ಸತ್ತೇಹೋಗುತ್ತದೆ. ಪ್ರವಾಸಕ್ಕೆ ಲಿಥಿಯಂ ಮೇಲು. ಮೊಬೈಲಿನ ಚಾರ್ಜರಿನಿಂದಲೇ ಚಾರ್ಜ್ ಆಗುವಂಥದು ಇನ್ನೂ ಮೇಲು. ಬೇರೆ ಪಿನ್ನಿನ ಚಾರ್ಜರ್ ಕಳೆದುಹೋದರೆ ಮತ್ತೆ ಸಿಗುವುದು ಕಷ್ಟ. ಲಿಥಿಯಂ ಸೆಲ್ಲಿಗೆ ಬಿಸಿ ಶತ್ರು. ಸೊಲ್ಲಾಪುರದ ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಗಾಜಿನ ಕೆಳಗೆ ಅದನ್ನು ಇಟ್ಟು ಹೋಗಲೇಬಾರದು. ವಿಮಾನದಲ್ಲಿ ಹೋಗುವವರು ಬಿಡಿ ಸೆಲ್ಲುಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಲಗೇಜಿಗೆ ಹಾಕಲು ಬಿಡುವುದಿಲ್ಲ.

ಇಷ್ಟೆಲ್ಲ ನಾವು ನೋಡುವುದಕ್ಕಾಯಿತು. ಬೇರೆಯವರಿಗೆ ನಾವು ಕಾಣುವುದೂ ಅಷ್ಟೇ ಮುಖ್ಯ. ಕಬ್ಬಿನ ಹಂಗಾಮಿನಲ್ಲಿ ಈ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅನೇಕ ಟ್ರಾಲಿಗಳಿಗೆ ಹಿಂದೆ ಕೆಂಪು ದೀಪವೇ ಇರುವುದಿಲ್ಲ. ಒಂದು ಜನವರಿಯ ರಾತ್ರಿ ಮಂದ್ರೂಪ ದಾಟಿ ಬರುವಾಗ, ರಸ್ತೆಯ ನಡುವೆ ಅಚ್ಚು ಮುರಿದ ಟ್ರಾಲಿಯೊಂದು ಕತ್ತಲೆಯಲ್ಲಿ ನಿಂತಿತ್ತು. ನೂರು ಹೆಜ್ಜೆ ಹಿಂದೆ ಹದಿನಾರು ಹದಿನೇಳರ ಹುಡುಗನೊಬ್ಬ ಒಂದು ಹಳೆಯ ಬ್ಯಾಟರಿ ಹಿಡಿದು ಬೀಸುತ್ತಿದ್ದ. ಅವನಿಂದಾಗಿ ನಮ್ಮ ಗಾಡಿ ನಿಂತಿತು, ಹಿಂದಿನ ಬಸ್ಸೂ ನಿಂತಿತು. ಆ ಬಸ್ಸಿನ ತುಂಬ ಜನರಿದ್ದರು. ಟಯರ್ ಪಂಕ್ಚರಾದಾಗ ಗಾಡಿಯನ್ನು ಪೂರ್ತಿ ಬದಿಗೆ ತೆಗೆದು, ಹಿಂದೆ ದೂರದಲ್ಲಿ ತ್ರಿಕೋನದ ಫಲಕ ಇಟ್ಟು, ಹೆಂಗಸರು ಮಕ್ಕಳನ್ನು ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಬೇಕು. ಕೆಂಪು ಬೆಳಕು ಮಿನುಗಿಸುವ ಬ್ಯಾಟರಿ ಇದ್ದರೆ ಅಲ್ಲಿ ಬಹಳ ಉಪಯೋಗ.

ಕೋಜಾಗಿರಿ ಹುಣ್ಣಿಮೆಗೆ ಕರ್ನಾಟಕದಿಂದ ತುಳಜಾಪುರಕ್ಕೆ ನಡೆಯುವ ಸಾವಿರಾರು ಭಕ್ತರು ಇದೇ ರಸ್ತೆಯಲ್ಲಿ ರಾತ್ರಿಯೂ ಸಾಗುತ್ತಾರೆ. ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಇಳಿದವರಿಗೆ ಊರು ಇನ್ನೂ ಹತ್ತು ಕಿ.ಮೀ.ಗೂ ಹೆಚ್ಚು. ಅವರೆಲ್ಲರ ಜೀವವೂ ಜೀವವೇ. ಅವರ ಎದುರು ಬಂದಾಗ ಬ್ಯಾಟರಿಯನ್ನು ಕಣ್ಣಿಗೆ ಬಿಡದೆ ನೆಲಕ್ಕೆ ಹಿಡಿಯುವುದೂ ಒಂದು ಅಹಿಂಸೆ.

ಕೊನೆಗೊಂದು ಮಾತು. ನಮ್ಮ ಮನೆಗಳಲ್ಲಿ ಬ್ಯಾಟರಿ ಕೊಂಡರೆ ಅದು ಯಜಮಾನರ ಚೀಲ ಸೇರುತ್ತದೆ. ಆದರೆ ಸರಕು ಹೇರಿಕೊಂಡು ಅಪರಾತ್ರಿಯಲ್ಲಿ ಭೀಮೆ ದಾಟುವವನು ಡ್ರೈವರ್. ಕತ್ತಲೆಯಲ್ಲಿ ಇಳಿದು ಚಕ್ರದ ಕೆಳಗೆ ಕಲ್ಲಿಡುವವನು ಹಮಾಲ. ದೀಪಾವಳಿಗೆ ಅವರಿಗೆ ಮಿಠಾಯಿಯ ಡಬ್ಬಿಯ ಜೊತೆ ಇಂಥದೊಂದು ಬ್ಯಾಟರಿಯನ್ನೂ ಕೊಡುವ ರೂಢಿಯನ್ನು ನಮ್ಮ ಪೇಠೆಯವರು ಹಾಕಿಕೊಂಡರೆ ಖರ್ಚು ದೊಡ್ಡದಾಗುವುದಿಲ್ಲ. ಈ ವರ್ಷ ಎರಡು ಕೊಳ್ಳುವವರು ಒಂದನ್ನು ಗಾಡಿಯಲ್ಲಿಯೇ, ಡ್ರೈವರನ ಕೈಗೆ ನಿಲುಕುವಂತೆ ಇಡಲಿ.