ಗೀಟುಗಳಲ್ಲಿ ಹುಟ್ಟಿದ ಚಿತ್ರಗಳು

ಇಪ್ಪತ್ತೆರಡರ ಹರೆಯದಲ್ಲಿ ನಮ್ಮ ಕಾರವಾರದ ಕಡಲ ತಡಿಯಲ್ಲಿ ತಂಗಿ ನಾಟಕವೊಂದನ್ನು ರಚಿಸಿದ ರವೀಂದ್ರನಾಥ ಠಾಕೂರರು ಚಿತ್ರಕಲೆಗೆ ಮನಸ್ಸಿಟ್ಟದ್ದು ಅರವತ್ತು ದಾಟಿದ ಮೇಲೆ. ಅವನೀಂದ್ರನಾಥ, ಗಗನೇಂದ್ರನಾಥರಂತಹ ಕಲಾವಿದರು ಮನೆತನದಲ್ಲಿಯೇ ಇದ್ದರೂ ಅವರು ಯಾವ ಚಿತ್ರಶಾಲೆಯಲ್ಲಿಯೂ ಕಲಿತವರಲ್ಲ.

ಹೊಡೆದುಹಾಕಿದ ಸಾಲುಗಳೇ ಅವರ ಗುರುವೆನ್ನಬೇಕು. 1924ರಲ್ಲಿ ‘ಪೂರಬಿ’ಯ ಕವಿತೆಗಳನ್ನು ಬರೆಯುವಾಗ, ಬೇಡವಾದ ಪದಗಳ ಮೇಲೆ ಗೀಟೆಳೆದು, ಆ ಗೀಟುಗಳನ್ನು ಒಂದಕ್ಕೊಂದು ಹೆಣೆಯುತ್ತಿದ್ದರು. ಹೆಣೆದಂತೆ ಹಕ್ಕಿಯ ಕೊಕ್ಕೊಂದು ಮೂಡುತ್ತಿತ್ತು. ಹೆಸರಿಲ್ಲದ ಪ್ರಾಣಿಯೊಂದು ಬೆನ್ನು ಬಾಗಿಸುತ್ತಿತ್ತು. ಒಮ್ಮೊಮ್ಮೆ ಯಾವ ವಸ್ತುವನ್ನೂ ಹೋಲದ ಬರಿಯ ಲಯವಷ್ಟೇ ಉಳಿಯುತ್ತಿತ್ತು. ಶಾಲೆಯಲ್ಲಿ ಇಂತಹ ಪುಸ್ತಕಕ್ಕೆ ಎಷ್ಟು ಅಂಕ ದೊರೆಯುತ್ತಿತ್ತೋ! ಮುಂದೆ ಲೇಖನಿ, ಬಟ್ಟೆಯ ಚೂರು, ಬೆರಳು, ಕೈಗೆ ಸಿಕ್ಕಿದ್ದರಿಂದಲೇ ಬಣ್ಣದ ಮಸಿಯನ್ನು ಹರಡಿದರು. ಆ ರೇಖೆಗಳಲ್ಲಿ ಪಳಗಿದ ಕೈಯ ನಯವಿಲ್ಲ, ಅಂಜಿಕೆಯೂ ಇಲ್ಲ.

ಲೋಕವೇ ಮನ್ನಿಸಿದ ಕವಿಯು ಹೊಸಗಾರನಂತೆ ಜನರ ಮುಂದೆ ನಿಲ್ಲುವುದು ಸಣ್ಣ ಮಾತಲ್ಲ. ಬಂದ ಕೀರ್ತಿಗೆ ಕುಂದು ತಗಲಬಹುದಾಗಿತ್ತು. ಆದರೂ 1930ರಲ್ಲಿ, ಎಪ್ಪತ್ತು ಸಮೀಪಿಸುತ್ತಿದ್ದಾಗ, ಪ್ಯಾರಿಸ್ಸಿನಲ್ಲಿ ತಮ್ಮ ಮೊದಲ ಪ್ರದರ್ಶನವನ್ನು ಏರ್ಪಡಿಸಿದರು. ಕಲಕತ್ತೆಯವರು ಅಂತಹ ಪ್ರದರ್ಶನವನ್ನು ಕಂಡದ್ದು 1932ರಲ್ಲಿ. 1941ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳು ಸಿದ್ಧವಾಗಿದ್ದವು. ಬಾಳೆಲ್ಲ ಪದಗಳನ್ನು ಪೋಣಿಸಿದ ಆ ಕವಿ, ಅವುಗಳಲ್ಲಿ ಬಹುಪಾಲು ಚಿತ್ರಗಳಿಗೆ ಒಂದು ಹೆಸರನ್ನೂ ಇಡಲಿಲ್ಲ.