ಸೀತಾಫಲದ ಅಗ್ನಿದ್ವೇಷ

1956ರಲ್ಲಿ ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟ ಕೊಡಂಗಲ್ಲಿನಲ್ಲಿ, ಮಳೆಗಾಲವು ಹಿಂದೆ ಸರಿದು ಸೀತಾಫಲವು ಬುಟ್ಟಿಬುಟ್ಟಿಯಾಗಿ ಸಂತೆಗೆ ಬರುವ ದಿನಗಳಲ್ಲಿ, ಮನೆಯಲ್ಲಿಯೇ ಐಸ್‌ಕ್ರೀಮ್ ಮಾಡಬಯಸುವವರು ಮೊದಲು ಅರಿಯಬೇಕಾದುದು ಈ ಹಣ್ಣಿನ ಅಗ್ನಿದ್ವೇಷವನ್ನು: ಅದರ ತಿರುಳನ್ನು ಒಲೆಯ ಮೇಲಿಟ್ಟು ಕಾಯಿಸಿದರೆ ಕಹಿಯು ತಲೆದೋರುವುದು. ಆದಕಾರಣ ಹಾಲನ್ನಷ್ಟೇ ಸಕ್ಕರೆಯೊಡನೆ ಬತ್ತಿಸಿ, ಪೂರ್ಣವಾಗಿ ತಣಿದ ಬಳಿಕವೇ ಬೀಜ ಬಿಡಿಸಿದ ತಿರುಳನ್ನು ಬೆರೆಸತಕ್ಕದ್ದು. ಸಕ್ಕರೆಯಲ್ಲಿ ಲೋಭವು ಸಲ್ಲದು. ನೀರಿನ ಘನೀಭವನಬಿಂದುವನ್ನು ತಗ್ಗಿಸಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿಯೂ ಒಂದಂಶವನ್ನು ದ್ರವವಾಗಿಯೇ ಉಳಿಸಿ, ಚಮಚಕ್ಕೆ ಮಣಿಯುವ ಮಾರ್ದವವನ್ನು ಕೊಡುವುದು ಅದೇ. ಹಾಲಿಲ್ಲದ ಮಾವಿನ ಸಾರ್ಬೆಟ್ಟಿಗಂತೂ ಕೊಬ್ಬಿನ ಆಸರೆಯೂ ಇಲ್ಲವಾದುದರಿಂದ ಸಕ್ಕರೆಪಾಕವೇ ಸರ್ವಸ್ವ. ಅರೆಗಟ್ಟಿಯಾದಾಗ ಎರಡು ಮೂರು ಬಾರಿ ಹೊರತೆಗೆದು ಕಡೆಯುವ ಶ್ರಮವನ್ನು (ಹಿಂದೆ ಮಂಜುಗಡ್ಡೆ, ಕಲ್ಲುಪ್ಪು, ಕೈತಿರುಗಣೆಗಳ ಕಾಲದಲ್ಲಿ ಇದು ತೋಳಿನ ವ್ಯಾಯಾಮವೇ ಆಗಿದ್ದಿತು) ಸೋಮಾರಿಗಳು ತಪ್ಪಿಸಿಕೊಳ್ಳುವರು. ಅವರಿಗೆ ಹರಳುಹರಳಾದ ಬರ್ಫವೇ ಪ್ರಾಪ್ತಿ.